ಬೆಕ್ಕಿನ ಕೀಲು ಕೂರಿಸಿದ ಕಥೆ

ಬೆಕ್ಕು ಎಲ್ಲಿಂದ ಬಿದ್ದರೂ ನಾಲ್ಕು ಕಾಲಿನ ಮೇಲೆಯೇ ನಿಲ್ಲುತ್ತದೆ ಎಂಬ ಮಾತು ನಮ್ಮಲ್ಲಿ ಮನೆಮಾತು. ಬೆಕ್ಕಿಗೆ ಒಂಬತ್ತು ಜೀವ ಎಂದು ಇಂಗ್ಲಿಷರು ಹೇಳುತ್ತಾರೆ. ಎರಡು ಮಾತೂ ಬೆಕ್ಕಿನ ಚುರುಕುತನವನ್ನು ಕಂಡು ಬೆರಗಾದವರು ಆಡಿದವು. ಆದರೆ ಇವೇ ಮಾತುಗಳು ಬೆಕ್ಕಿಗೆ ಒಂದು ಅನ್ಯಾಯವನ್ನೂ ಮಾಡಿದವು. ಬಿದ್ದರೂ ಏನೂ ಆಗದ ಪ್ರಾಣಿಗೆ ವೈದ್ಯ ಯಾಕೆ?

ನಿಜಸಂಗತಿ ಬೇರೆ. ಮಾಡಿನಿಂದ ಜಾರಿದ, ಮೋಟಾರಿಗೆ ಸಿಕ್ಕಿದ, ನಾಯಿಯ ಬಾಯಿಂದ ತಪ್ಪಿಸಿಕೊಂಡು ಬಂದ ಬೆಕ್ಕು ಎಷ್ಟೋ ಸಲ ಮೂರೇ ಕಾಲಿನಲ್ಲಿ ಮನೆಗೆ ಬರುತ್ತದೆ. ನಾಲ್ಕನೆಯದು ನೆಲ ಮುಟ್ಟುವುದಿಲ್ಲ. ಕೂಗುವುದೂ ಇಲ್ಲ, ನರಳುವುದೂ ಇಲ್ಲ. ಮಂಚದ ಕೆಳಗೋ ಸೌದೆಯ ಹಿಂದೋ ಹೋಗಿ ಮುದುಡಿಕೊಳ್ಳುತ್ತದೆ. ತೊಡೆಮೂಳೆಯ ತಲೆ ತನ್ನ ಗುಳಿಯಿಂದ ಕಳಚಿಕೊಂಡು ಮೇಲಕ್ಕೆ ಜಾರಿದೆ ಎಂದು ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದು ಕಷ್ಟ. ಮನುಷ್ಯನ ತಪ್ಪಿದ ಕೀಲನ್ನು ಕೂರಿಸುವ ವಿದ್ಯೆಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಬೆಕ್ಕಿನ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ವಿದ್ಯೆಗೆ ಇನ್ನೂ ನೂರು ವರ್ಷವೂ ತುಂಬಿಲ್ಲ. ಈ ಅಂತರ ಯಾಕೆ ಬಂತು, ಹೇಗೆ ಕಡಿಮೆಯಾಯಿತು ಎಂಬುದು ಬರೀ ವೈದ್ಯಕೀಯದ ಕಥೆಯಲ್ಲ. ಯಾವ ಪ್ರಾಣಿಯ ನೋವಿಗೆ ಬೆಲೆಯಿದೆ ಎಂದು ಮನುಷ್ಯ ಲೆಕ್ಕ ಹಾಕಿದ ಕಥೆಯೂ ಹೌದು.

ತಪ್ಪುವುದು ಏನು?

ಸೊಂಟದ ಕೀಲು ಒಂದು ಗುಂಡು ಮತ್ತು ಬಟ್ಟಲಿನ ಜೋಡಣೆ. ತೊಡೆಮೂಳೆಯ ಮೇಲ್ತುದಿಯ ಗುಂಡು ಚಪ್ಪೆಮೂಳೆಯಲ್ಲಿರುವ ಬಟ್ಟಲಿನಲ್ಲಿ ತಿರುಗುತ್ತದೆ. ಗುಂಡು ಹೊರಗೆ ಬಾರದಂತೆ ಮೂರು ಕಾವಲುಗಳಿವೆ. ಒಂದು, ಬಟ್ಟಲಿನ ತಳದಿಂದ ಗುಂಡಿಗೆ ಬಿಗಿದ ಚಿಕ್ಕದಾದ ಗಟ್ಟಿ ಕಟ್ಟುನಾರು. ಎರಡು, ಕೀಲನ್ನು ಸುತ್ತಿದ ಚೀಲದಂಥ ಪೊರೆ. ಮೂರು, ಹೊರಗಿನ ಮಾಂಸಖಂಡಗಳು. ಜೋರಾದ ಪೆಟ್ಟು ಬಿದ್ದಾಗ ಕಟ್ಟುನಾರು ಹರಿಯುತ್ತದೆ, ಪೊರೆ ಸೀಳುತ್ತದೆ, ಗುಂಡು ಬಟ್ಟಲಿನ ಅಂಚು ದಾಟಿ ಸಾಮಾನ್ಯವಾಗಿ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಮೂರನೆಯ ಕಾವಲಾಗಿದ್ದ ಮಾಂಸಖಂಡ ಆಗ ವೈರಿಯಾಗುತ್ತದೆ. ಅದು ಸೆಟೆದುಕೊಂಡು ಮೂಳೆಯನ್ನು ತಪ್ಪಿದ ಜಾಗದಲ್ಲೇ ಹಿಡಿದಿಡುತ್ತದೆ. ದಿನ ಕಳೆದಂತೆ ಖಾಲಿ ಬಟ್ಟಲಿನಲ್ಲಿ ಹೆಪ್ಪುಗಟ್ಟಿದ ರಕ್ತ, ನಾರಿನಂಥ ಅಂಗಾಂಶ ತುಂಬಿಕೊಂಡು ಗುಂಡಿಗೆ ಮರಳಿ ಬರಲು ಜಾಗವೇ ಇರುವುದಿಲ್ಲ.

ಬೆಕ್ಕಿನಲ್ಲಿ ಅತಿ ಹೆಚ್ಚು ತಪ್ಪುವುದು ಈ ಸೊಂಟದ ಕೀಲೇ. ಮೊಣಕಾಲು, ಹಿಮ್ಮಡಿ, ಮೊಣಕೈ, ದವಡೆಯ ಕೀಲುಗಳೂ ತಪ್ಪುವುದುಂಟು. ಮುಂಗಾಲಿನ ಭುಜದ ಕೀಲು ತಪ್ಪುವುದು ಮಾತ್ರ ಅಪರೂಪ. ಮನುಷ್ಯನಲ್ಲಿ ಕತ್ತಿನ ಕೆಳಗಿನ ಕೊರಳೆಲುಬು ಭುಜವನ್ನು ಎದೆಗೂಡಿಗೆ ಕಟ್ಟಿಹಾಕಿದೆ. ಬೆಕ್ಕಿನಲ್ಲಿ ಅದು ಮಾಂಸದೊಳಗೆ ತೇಲುವ ಒಂದು ಸಣ್ಣ ಕಡ್ಡಿ ಮಾತ್ರ. ಹೀಗಾಗಿ ಅದರ ಮುಂಗಾಲುಗಳು ಮಾಂಸದ ಜೋಲಿಯಲ್ಲಿ ತೂಗುಬಿಟ್ಟಂತೆ ಇವೆ. ನೆಗೆದಾಗ ಬರುವ ಪೆಟ್ಟನ್ನು ಆ ಜೋಲಿಯೇ ನುಂಗಿಕೊಳ್ಳುತ್ತದೆ. ಹಿಂಗಾಲಿಗೆ ಈ ಸೌಕರ್ಯವಿಲ್ಲ.

ಹಳೆಯ ವಿದ್ಯೆ, ಹೊರಗುಳಿದ ಪ್ರಾಣಿ

ಕೀಲು ಕೂರಿಸುವ ವಿದ್ಯೆಯಲ್ಲಿ ನಮ್ಮ ಸುಶ್ರುತ ಸಂಹಿತೆ ಯಾರಿಗೂ ಹಿಂದಲ್ಲ. ಮೂಳೆಯ ಗಾಯವನ್ನು ಅದು ಎರಡಾಗಿ ವಿಂಗಡಿಸುತ್ತದೆ. ಮೂಳೆ ಮುರಿದರೆ ಕಾಂಡಭಗ್ನ, ಕೀಲು ಕಳಚಿದರೆ ಸಂಧಿಮುಕ್ತ. ಸಂಧಿಮುಕ್ತದಲ್ಲಿ ಆರು ಬಗೆ. ಚಿಕಿತ್ಸೆಗೆ ನಾಲ್ಕು ಹಂತ: ಎಳೆಯುವುದು, ಒತ್ತುವುದು, ಜಾಗಕ್ಕೆ ಸೇರಿಸುವುದು, ಕಟ್ಟುವುದು. ರೋಗಿ ಅಲುಗಾಡದಂತೆ ಹಲಗೆಯ ಮೇಲೆ ಮಲಗಿಸಿ ಗೂಟಗಳಿಗೆ ಕಟ್ಟುವ ಕಪಾಟಶಯನದ ವಿಧಾನವೂ ಅಲ್ಲಿದೆ. ಇಂದಿಗೂ ಮೂಳೆ ಕಟ್ಟುವ ನಾಟಿವೈದ್ಯರು ಮಾಡುವುದು ಸ್ಥೂಲವಾಗಿ ಈ ನಾಲ್ಕನ್ನೇ.

ಗ್ರೀಸಿನಲ್ಲಿ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಉಳಿದಿರುವ ಗ್ರಂಥಗಳಲ್ಲಿ ಒಂದು ಪೂರ್ತಿಯಾಗಿ ಕೀಲುಗಳ ಕುರಿತಾದದ್ದು. ತಪ್ಪಿದ ಸೊಂಟವನ್ನು ಎಳೆಯಲು ರಾಟೆ ಜೋಡಿಸಿದ ಮರದ ಮಂಚವೊಂದು ಅವನ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಸ್ವಾರಸ್ಯವೆಂದರೆ ಆ ಗ್ರಂಥದಲ್ಲಿ ಪ್ರಾಣಿಗಳ ಮಾತೂ ಬರುತ್ತದೆ. ಚಳಿಗಾಲದ ಕೊನೆಯಲ್ಲಿ ಮೇವಿಲ್ಲದೆ ಸೊರಗಿದ ಎತ್ತುಗಳಲ್ಲಿ ಕೀಲು ಸುಲಭವಾಗಿ ತಪ್ಪುತ್ತದೆ ಎಂಬ ಸೂಕ್ಷ್ಮ ಅಲ್ಲಿ ದಾಖಲಾಗಿದೆ. ಎತ್ತು ಕಣ್ಣಿಗೆ ಬಿತ್ತು, ಬೆಕ್ಕು ಬೀಳಲಿಲ್ಲ.

ಇದು ಎಲ್ಲ ಕಡೆಯ ಕಥೆ. ಭಾರತದಲ್ಲಿ ಪಶುವೈದ್ಯದ ಪರಂಪರೆ ದೊಡ್ಡದು. ಕುದುರೆಗೆ ಶಾಲಿಹೋತ್ರನ ಶಾಸ್ತ್ರ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ. ಕನ್ನಡದಲ್ಲೇ ಚಾಲುಕ್ಯ ರಾಜವಂಶದ ಕೀರ್ತಿವರ್ಮ 'ಗೋವೈದ್ಯ' ಬರೆದ. ಯುದ್ಧಕ್ಕೆ ಆನೆ ಕುದುರೆ ಬೇಕು, ಹೊಲಕ್ಕೆ ಎತ್ತು ಬೇಕು, ಹಾಲಿಗೆ ಹಸು ಬೇಕು. ಅವುಗಳ ಮೇಲೆ ಶಾಸ್ತ್ರಗಳು ಹುಟ್ಟಿದವು. ಬೆಕ್ಕನ್ನು ದೇವತೆಯೆಂದು ಪೂಜಿಸಿದ ಈಜಿಪ್ಟಿನಲ್ಲಿಯೂ ಹೀಗೆಯೇ. ಮನೆಯ ಬೆಕ್ಕು ಸತ್ತರೆ ಅಲ್ಲಿಯ ಜನ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಹೆರೊಡೊಟಸ್ ಬರೆದಿದ್ದಾನೆ. ಆದರೆ 1889ರಲ್ಲಿ ಫ್ಲಿಂಡರ್ಸ್ ಪೀಟ್ರಿಗೆ ಕಾಹೂನ್ ಎಂಬಲ್ಲಿ ಸಿಕ್ಕಿದ, ಸುಮಾರು 3,800 ವರ್ಷ ಹಳೆಯ ಪಶುವೈದ್ಯ ಹಾಳೆಯಲ್ಲಿ ಉಳಿದುಬಂದಿರುವ ಭಾಗ ಬಹುಮಟ್ಟಿಗೆ ದನಗಳನ್ನು ಕುರಿತದ್ದು. ಸತ್ತ ಬೆಕ್ಕಿಗೆ ಶವಸಂಸ್ಕಾರದ ಗೌರವ ಸಿಕ್ಕಿತು. ಕುಂಟುವ ಬೆಕ್ಕಿಗೆ ಶಾಸ್ತ್ರ ಸಿಗಲಿಲ್ಲ.

ಕುದುರೆಯ ಕಾಲ

ಆಧುನಿಕ ಪಶುವೈದ್ಯ ಹುಟ್ಟಿದ್ದು ಫ್ರಾನ್ಸಿನಲ್ಲಿ. ದನಗಳ ಮಹಾಮಾರಿಯಿಂದ ತತ್ತರಿಸಿದ್ದ ಕಾಲದಲ್ಲಿ, 1761ರ ರಾಜಾಜ್ಞೆಯ ಮೇರೆಗೆ ಕ್ಲಾಡ್ ಬೂರ್ಜೆಲಾ ಎಂಬಾತ ಲಿಯಾನ್ ನಗರದಲ್ಲಿ ಮೊದಲ ಶಾಲೆ ತೆರೆದ. ಆತ ಮೊದಲು ಕುದುರೆ ಸವಾರಿ ಕಲಿಸುವ ಗುರುವಾಗಿದ್ದವನು. ಲಂಡನ್ನಿನ ಕಾಲೇಜು ಹುಟ್ಟಿದ್ದು 1791ರಲ್ಲಿ. ಅಲ್ಲಿಯೂ ಪಾಠವೆಲ್ಲ ಕುದುರೆಯದೇ. ಭಾರತದಲ್ಲಿ ಬ್ರಿಟಿಷರು ಲಾಹೋರ್, ಮುಂಬಯಿ, ಕಲ್ಕತ್ತ, ಮದ್ರಾಸುಗಳಲ್ಲಿ 1882ರಿಂದ 1903ರ ನಡುವೆ ಕಾಲೇಜುಗಳನ್ನು ತೆರೆದಾಗಲೂ ಕಣ್ಣಿದ್ದದ್ದು ಸೈನ್ಯದ ಕುದುರೆ ಮತ್ತು ರೈತನ ಜಾನುವಾರಿನ ಮೇಲೆ. ನಾಯಿ ಬೆಕ್ಕಿಗೆ ಔಷಧಿ ಕೊಡುವುದು ತನ್ನ ಅಂತಸ್ತಿಗೆ ಕಡಿಮೆ ಎಂದು ಭಾವಿಸಿದ ಪಶುವೈದ್ಯರು ಆ ಕಾಲದಲ್ಲಿ ಬಹಳ ಮಂದಿ.

ಹಾಗೆಂದು ವಿಜ್ಞಾನಕ್ಕೆ ಬೆಕ್ಕು ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. 1881ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಸೇಂಟ್ ಜಾರ್ಜ್ ಮೈವರ್ಟ್ ಬೆಕ್ಕಿನ ದೇಹರಚನೆಯ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಬೆನ್ನೆಲುಬಿರುವ ಪ್ರಾಣಿಗಳ ರಚನೆ ಕಲಿಯಲು ಬೆಕ್ಕೇ ಅನುಕೂಲವಾದ ಮಾದರಿ ಎಂದು ಅವನು ಆರಿಸಿಕೊಂಡಿದ್ದ. 1894ರಲ್ಲಿ ಪ್ಯಾರಿಸಿನ ಎಟಿಯೆನ್ ಜೂಲ್ ಮಾರೇ, ತಲೆಕೆಳಗಾಗಿ ಕೈಬಿಟ್ಟ ಬೆಕ್ಕು ಗಾಳಿಯಲ್ಲಿಯೇ ಮೈ ತಿರುಗಿಸಿಕೊಂಡು ಕಾಲೂರುವುದನ್ನು ಸಾಲು ಚಿತ್ರಗಳಲ್ಲಿ ಸೆರೆಹಿಡಿದು ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಆಸರೆಯಿಲ್ಲದೆ ಒಂದು ದೇಹ ತನ್ನನ್ನು ತಾನೇ ಹೇಗೆ ತಿರುಗಿಸಿಕೊಳ್ಳಬಲ್ಲದು ಎಂದು ಪಂಡಿತರು ತಲೆಕೆಡಿಸಿಕೊಂಡರು. ಚಾರ್ಲ್ಸ್ ಶೆರಿಂಗ್ಟನ್ ನರಗಳ ಕೆಲಸವನ್ನು ಅರಿಯಲು ಬೆಕ್ಕಿನ ಮೇಲೆ ಪ್ರಯೋಗಗಳನ್ನು ನಡೆಸಿ ಮುಂದೆ 1932ರಲ್ಲಿ ನೊಬೆಲ್ ಬಹುಮಾನ ಪಡೆದ. ಬೆಕ್ಕಿನ ಒಂದೊಂದು ಮೂಳೆ, ಒಂದೊಂದು ನರ ಪ್ರಯೋಗಶಾಲೆಗೆ ಪರಿಚಿತ. ಆದರೆ ಬೀದಿಯಲ್ಲಿ ಕಾಲು ಎಳೆಯುವ ಬೆಕ್ಕಿಗೆ ಆ ಜ್ಞಾನದಿಂದ ಬಂದ ಲಾಭ ಸೊನ್ನೆ.

ನಿದ್ರೆಯ ಔಷಧಿ ಮತ್ತು ಕಾಣದ ಬೆಳಕು

ತಪ್ಪಿದ ಕೀಲನ್ನು ಕೂರಿಸಲು ಎರಡು ಸಂಗತಿ ಬೇಕು. ಸೆಟೆದ ಮಾಂಸಖಂಡ ಸಡಿಲವಾಗಬೇಕು, ಮೂಳೆ ಎಲ್ಲಿದೆಯೆಂದು ಕಾಣಬೇಕು. ಮನುಷ್ಯನಾದರೆ ಹಲ್ಲು ಕಚ್ಚಿ ತಡೆದುಕೊಳ್ಳುತ್ತಾನೆ. ನಾಲ್ಕು ಕಾಲಿನಲ್ಲೂ ಉಗುರಿರುವ ಬೆಕ್ಕನ್ನು ಎಚ್ಚರವಿದ್ದಾಗ ಎಳೆಯಲು ಹೋಗುವುದು, ಗಾದೆಯ ಇಲಿಗಳು ಬೆಕ್ಕಿಗೆ ಗಂಟೆ ಕಟ್ಟಲು ಹೊರಟಂತೆ.

1846ರ ಅಕ್ಟೋಬರಿನಲ್ಲಿ ಬಾಸ್ಟನ್ ನಗರದಲ್ಲಿ ಈಥರ್ ಅರಿವಳಿಕೆಯ ಪ್ರದರ್ಶನ ನಡೆಯಿತು. ಮರುವರ್ಷವೇ ಲಂಡನ್ನಿನ ಪಶುವೈದ್ಯ ಎಡ್ವರ್ಡ್ ಮೇಹ್ಯೂ ಅದನ್ನು ನಾಯಿ ಬೆಕ್ಕುಗಳ ಮೇಲೆ ಪರೀಕ್ಷಿಸಿದ. ಅವನಿಗೆ ತೃಪ್ತಿಯಾಗಲಿಲ್ಲ. ಔಷಧಿ ಏರುವಾಗ ಪ್ರಾಣಿಗಳು ಕೂಗುತ್ತಿದ್ದವು. ಆ ಕೂಗು ನೋವಿನದೋ ಅಲ್ಲವೋ ಹೇಳುವುದು ಹೇಗೆ ಎಂಬ ಪ್ರಶ್ನೆ ಅವನನ್ನು ಕಾಡಿತು. ಮಾತು ಬಾರದ ರೋಗಿಯ ನೋವನ್ನು ಅಳೆಯುವ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಮುಂದೆ 170 ವರ್ಷ ನಡೆಯಿತು.

ಅನುಮಾನ ಬಿಟ್ಟು ಕೆಲಸಕ್ಕಿಳಿದವನು ಫ್ರೆಡರಿಕ್ ಹಾಬ್‌ಡೇ. ಲಂಡನ್ನಿನ ಕಾಲೇಜಿನ ಈ ಅಧ್ಯಾಪಕ ಸಣ್ಣ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟೇ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಪಟ್ಟುಹಿಡಿದ. 1900ರಲ್ಲಿ ನಾಯಿ ಮತ್ತು ಬೆಕ್ಕಿನ ಶಸ್ತ್ರಚಿಕಿತ್ಸೆಯ ಮೇಲೆ ಪುಸ್ತಕವನ್ನೇ ಹೊರತಂದ. ಪುಸ್ತಕದ ಹೆಸರಿನಲ್ಲೇ ಬೆಕ್ಕಿಗೆ ಜಾಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಮುಂದೆ ಕಾಲೇಜಿನ ಪ್ರಾಂಶುಪಾಲನಾದ ಅವನಿಗೆ 1933ರಲ್ಲಿ ಸರ್ ಪದವಿಯೂ ಬಂತು. ವಿಚಿತ್ರವೆಂದರೆ ಜಗತ್ತು ಇಂದಿಗೂ ಅವನ ಹೆಸರನ್ನು ನೆನೆಯುವುದು ಕುದುರೆಯ ಗಂಟಲಿನ ಒಂದು ಶಸ್ತ್ರಚಿಕಿತ್ಸೆಗಾಗಿ.

ಎರಡನೆಯ ಅಗತ್ಯವನ್ನು ಪೂರೈಸಿದವನು ರಾಂಟ್‌ಜನ್. 1895ರ ನವೆಂಬರಿನಲ್ಲಿ ಅವನು ಕಂಡ ಎಕ್ಸ್‌ರೇ ಬರುವವರೆಗೆ, ಕುಂಟುವ ಬೆಕ್ಕಿನ ತೊಡೆಮೂಳೆ ಮುರಿದಿದೆಯೋ ಕೀಲು ತಪ್ಪಿದೆಯೋ ಎಂಬುದನ್ನು ಬೆರಳಿನಿಂದಲೇ ತಿಳಿಯಬೇಕಾಗಿತ್ತು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಮುರಿದ ಮೂಳೆಯನ್ನು ಕೀಲು ತಪ್ಪಿದೆಯೆಂದು ತಿಳಿದು ಎಳೆದರೆ ಗಾಯ ಇನ್ನೂ ಹೆಚ್ಚುತ್ತದೆ.

ಮೋಟಾರು ತಂದ ತಿರುವು

ಅರಿವಳಿಕೆ ಬಂತು, ಎಕ್ಸ್‌ರೇ ಬಂತು. ಆದರೂ ಬೆಕ್ಕು ಆಸ್ಪತ್ರೆಯ ಮೆಟ್ಟಿಲು ಹತ್ತಲು ಇನ್ನೊಂದು ಕಾರಣ ಬೇಕಾಗಿತ್ತು. ಅದು ಮೋಟಾರು ಕಾರು.

ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಯೂರೋಪು, ಅಮೆರಿಕಗಳ ಬೀದಿಗಳಿಂದ ಕುದುರೆಗಾಡಿಗಳು ಮರೆಯಾಗತೊಡಗಿದವು. ಕುದುರೆಯನ್ನೇ ನಂಬಿಕೊಂಡಿದ್ದ ನಗರದ ಪಶುವೈದ್ಯರು ಹೊಟ್ಟೆಪಾಡಿಗೆ ಬೇರೆ ರೋಗಿಗಳನ್ನು ಹುಡುಕಬೇಕಾಯಿತು. ಮನೆಯೊಳಗಿನ ನಾಯಿ ಬೆಕ್ಕುಗಳು ಕಣ್ಣಿಗೆ ಬಿದ್ದದ್ದು ಆಗ. ಅದೇ ಕಾರು ಬೀದಿ ದಾಟುವ ಬೆಕ್ಕಿನ ಸೊಂಟವನ್ನೂ ಮುರಿಯತೊಡಗಿತು. ವೈದ್ಯನಿಂದ ಹಳೆಯ ರೋಗಿಯನ್ನು ಕಿತ್ತುಕೊಂಡ ಯಂತ್ರವೇ ಹೊಸ ರೋಗಿಯನ್ನು ತಂದು ಅವನ ಮೇಜಿನ ಮೇಲಿಟ್ಟಿತು.

1930ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಶುವೈದ್ಯ ಏಮರ್, ಕೂರಿಸಿದ ಸೊಂಟದ ಕೀಲು ಮತ್ತೆ ಜಾರದಂತೆ ಹಿಂಗಾಲನ್ನು ಮಡಿಸಿ ಎಂಟರ ಆಕಾರದಲ್ಲಿ ಸುತ್ತುವ ಪಟ್ಟಿಯೊಂದನ್ನು ರೂಪಿಸಿದ. ಅದು ಇಂದಿಗೂ ಅವನ ಹೆಸರಿನಲ್ಲೇ ಬಳಕೆಯಲ್ಲಿದೆ. ಅದೇ ಕಾಲದಲ್ಲಿ ಪೆನ್ಸಿಲ್ವೇನಿಯಾದ ಒಟ್ಟೊ ಸ್ಟೇಡರ್, ಮುರಿದ ಮೂಳೆಗೆ ಮೊಳೆಗಳನ್ನು ಚುಚ್ಚಿ ಹೊರಗಿನಿಂದ ಲೋಹದ ಸರಳಿಗೆ ಬಿಗಿಯುವ ಸಾಧನವನ್ನು ನಾಯಿಗಳಿಗಾಗಿ ತಯಾರಿಸಿದ. ನಾಯಿ ಮರುದಿನವೇ ಕಾಲೂರಿ ನಡೆಯುತ್ತಿತ್ತು. ಇದನ್ನು ಕಂಡ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರು ಅದನ್ನು ಮನುಷ್ಯರಿಗೂ ಬಳಸಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಗಾಯಾಳು ನಾವಿಕರಿಗೆ ಅದನ್ನೇ ಹಾಕಿತು. ವಿದ್ಯೆ ಯಾವಾಗಲೂ ಮನುಷ್ಯನಿಂದ ಪ್ರಾಣಿಯ ಕಡೆಗೇ ಹರಿಯುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಯಿತು.

ಕತ್ತರಿಸಿ ಉಳಿಸುವ ಉಪಾಯ

ಪಟ್ಟಿ ಕಟ್ಟುವುದರಿಂದ ಎಲ್ಲ ಕೀಲುಗಳೂ ನಿಲ್ಲಲಿಲ್ಲ. ಅದರಲ್ಲೂ ಬೆಕ್ಕು ಪಟ್ಟಿಯನ್ನು ಸಹಿಸುವ ಪ್ರಾಣಿಯಲ್ಲ. ಹಿಂದಕ್ಕೆ ನಡೆದು, ಹೊರಳಾಡಿ, ಹಲ್ಲಿನಿಂದ ಎಳೆದು ರಾತ್ರಿ ಬೆಳಗಾಗುವುದರೊಳಗೆ ಕಳಚಿಹಾಕುತ್ತದೆ. ಒಳಗೇ ಏನಾದರೂ ಮಾಡಬೇಕಾಗಿತ್ತು.

1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎರಡು ದಾರಿಗಳು ತೆರೆದವು. 1952ರಲ್ಲಿ ಡಿವೀಟ, ತೊಡೆಮೂಳೆಯ ಕುತ್ತಿಗೆಯ ಮೇಲೆ ಹಾದು ಚಪ್ಪೆಮೂಳೆಗೆ ನೆಡುವ ಲೋಹದ ಕಡ್ಡಿಯಿಂದ ಕೀಲಿಗೆ ಅಗುಳಿ ಹಾಕುವ ವಿಧಾನವನ್ನು ವಿವರಿಸಿದ. 1953ರಲ್ಲಿ ನೋಲ್ಸ್ ಎಂಬ ಒಂದೇ ಕುಲನಾಮದ ಮೂವರು ಪಶುವೈದ್ಯರು, ಹರಿದ ಕಟ್ಟುನಾರಿನ ಜಾಗದಲ್ಲಿ ಕೃತಕ ದಾರ ಪೋಣಿಸುವ ಉಪಾಯ ಹೇಳಿದರು. ಗುಂಡಿಗೂ ಬಟ್ಟಲಿಗೂ ತೂತು ಕೊರೆದು ದಾರ ಹಾಯಿಸಿ, ಅದರ ತುದಿಗೆ ಕಟ್ಟಿದ ಸಣ್ಣ ಲೋಹದ ಕಡ್ಡಿ ಬಟ್ಟಲಿನ ಆಚೆ ಅಡ್ಡ ನಿಲ್ಲುವಂತೆ ಮಾಡುವುದು ಇದರ ಗುಟ್ಟು. ಕೋಟಿನ ಕಾಜಿನಲ್ಲಿ ಅಡ್ಡ ನಿಲ್ಲುವ ಮರದ ಗುಂಡಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. 1965ರಲ್ಲಿ ಗ್ಲಾಸ್ಗೊದ ಲಾಸನ್ ಇದೇ ವಿಧಾನವನ್ನು ಮತ್ತೆ ಮತ್ತೆ ಜಾರುವ ಕೀಲುಗಳಿಗೆ ಬಳಸಿ ವರದಿ ಮಾಡಿದ.

ಇದಕ್ಕಿಂತ ಎದೆಗಾರಿಕೆಯ ಉಪಾಯ ಬಂದದ್ದು ಕ್ಷಯರೋಗಿಗಳ ವಾರ್ಡಿನಿಂದ. ಆಕ್ಸ್‌ಫರ್ಡಿನ ಮೂಳೆತಜ್ಞ ಗರ್ಡಲ್‌ಸ್ಟನ್ 1928ರಲ್ಲಿ, ಕ್ಷಯದಿಂದ ಕೊಳೆತ ಸೊಂಟದ ಕೀಲಿನ ಗುಂಡನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ್ದ. ಮನುಷ್ಯನಿಗೆ ಅದು ಕೊನೆಯ ದಾರಿ. ನೋವು ಹೋಗುತ್ತದೆ, ಆದರೆ ಕಾಲು ಗಿಡ್ಡವಾಗಿ ಜೀವನಪೂರ್ತಿ ಊರುಗೋಲು ಹಿಡಿಯಬೇಕು. 1961ರಲ್ಲಿ ಬ್ರಿಟನ್ನಿನ ಸ್ಪ್ರೂಲ್ ಮತ್ತು ಆರ್ಮರಾಡ್ ಬೇರೆ ಬೇರೆಯಾಗಿ ಇದನ್ನೇ ನಾಯಿಗಳಲ್ಲಿ ಮಾಡಿದ ಫಲಿತಾಂಶ ಪ್ರಕಟಿಸಿದರು. ಎರಡು ಕಾಲಿನವನಿಗೆ ಕೊನೆಯ ದಾರಿಯಾದದ್ದು ನಾಲ್ಕು ಕಾಲಿನ ಹಗುರ ಪ್ರಾಣಿಗೆ ಒಳ್ಳೆಯ ದಾರಿಯಾಯಿತು. ಕೀಲು ಹೋದ ಜಾಗದಲ್ಲಿ ನಾರಿನ ಅಂಗಾಂಶ ಬೆಳೆದು ಒಂದು ಹುಸಿಕೀಲು ಹುಟ್ಟುತ್ತದೆ. ಮಾಂಸಖಂಡಗಳು ಕಾಲನ್ನು ಜೋಲಿಯಂತೆ ಹಿಡಿದುಕೊಳ್ಳುತ್ತವೆ. ಮುಂಗಾಲಿಗೆ ಪ್ರಕೃತಿಯೇ ಮಾಡಿಕೊಟ್ಟಿದ್ದ ವ್ಯವಸ್ಥೆಯನ್ನು ಹಿಂಗಾಲಿಗೆ ವೈದ್ಯ ಮಾಡಿಕೊಟ್ಟಂತಾಯಿತು. ಮೂರು ನಾಲ್ಕು ಕಿಲೊ ತೂಗುವ ಬೆಕ್ಕಿಗೆ ಇದು ಹೇಳಿಮಾಡಿಸಿದಂತಿತ್ತು. ಎಷ್ಟೋ ಬೆಕ್ಕುಗಳು ಕೆಲವು ವಾರಗಳಲ್ಲೇ ಮತ್ತೆ ಗೋಡೆ ಹತ್ತತೊಡಗಿದವು.

ಆದರೂ ಈ ವರದಿಗಳಲ್ಲಿ ಹೆಚ್ಚಿನವುಗಳ ಶೀರ್ಷಿಕೆಯಲ್ಲಿ ಇದ್ದದ್ದು ನಾಯಿಯೇ. ಬೆಕ್ಕು ಬಹುಕಾಲ ಸಣ್ಣ ನಾಯಿಯೆಂದೇ ಲೆಕ್ಕ. ನಾಯಿಗೆ ಒಗ್ಗಿದ್ದು ಬೆಕ್ಕಿಗೂ ಒಗ್ಗುತ್ತದೆ ಎಂಬ ಧೋರಣೆಗೆ ಸವಾಲು ಹಾಕಿದವರು ಬೆಕ್ಕಿನ ಒಡೆಯರು. 1958ರಲ್ಲಿ ಬ್ರಿಟನ್ನಿನಲ್ಲಿ ಬೆಕ್ಕಿನ ಆರೋಗ್ಯಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತು. ಈಗ ಅದರ ಹೆಸರು ಇಂಟರ್‌ನ್ಯಾಷನಲ್ ಕ್ಯಾಟ್ ಕೇರ್. ನ್ಯೂಯಾರ್ಕಿನಲ್ಲಿ ಲೂಯಿ ಕಮೂಟಿ ಎಂಬ ವೈದ್ಯ ಬೆಕ್ಕುಗಳಿಗಾಗಿಯೇ ತನ್ನ ವೃತ್ತಿಯನ್ನು ಮೀಸಲಿಟ್ಟು ಮನೆಯಿಂದ ಮನೆಗೆ ತಿರುಗಿದ. 1970ರ ದಶಕದಲ್ಲಿ ಕೆಟಮೀನ್ ಬಳಕೆಗೆ ಬಂದ ಮೇಲೆ ಬೆಕ್ಕಿಗೆ ಅರಿವಳಿಕೆ ಕೊಡುವುದು ಸುಲಭವಾಯಿತು. 1980ರಲ್ಲಿ ಬೆನೆಟ್ ಮತ್ತು ಡಫ್, ಗುಂಡನ್ನು ಬಟ್ಟಲಿಗೆ ನೇರವಾಗಿ ಸಣ್ಣ ಕಡ್ಡಿಯಿಂದ ಚುಚ್ಚಿ, ಪೊರೆ ಕೂಡಿಕೊಳ್ಳುವವರೆಗೆ ಕೆಲವು ವಾರ ಇಟ್ಟು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಅವರ ಶೀರ್ಷಿಕೆಯಲ್ಲಿ ನಾಯಿಯ ಪಕ್ಕದಲ್ಲಿ ಬೆಕ್ಕೂ ಇತ್ತು.

ಮಹಡಿಯಿಂದ ಬಿದ್ದ 132 ಬೆಕ್ಕುಗಳು

ಈ ನಡುವೆ ಬೆಕ್ಕಿನ ಬದುಕೇ ಬದಲಾಗಿತ್ತು. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬ ವ್ಯಾಪಾರಿ ನೆರೆಮನೆಯಾಕೆಯ ಬೆಕ್ಕಿನ ಮಲಮೂತ್ರಕ್ಕೆ ಬೂದಿಯ ಬದಲು ಒಂದು ಬಗೆಯ ಹೀರುವ ಜೇಡಿಮಣ್ಣು ಕೊಟ್ಟ. ಅದು ದೊಡ್ಡ ಉದ್ಯಮವಾಗಿ ಬೆಳೆಯಿತು. ಅಂಗಳದ ಬೆಕ್ಕು ಮನೆಯೊಳಗಿನ ಬೆಕ್ಕಾಯಿತು. ಮನೆಗಳು ಎತ್ತರೆತ್ತರಕ್ಕೆ ಬೆಳೆದವು. ಬೇಸಿಗೆಯಲ್ಲಿ ತೆರೆದ ಕಿಟಕಿಯ ಅಂಚಿನಲ್ಲಿ ಪಾರಿವಾಳ ನೋಡುತ್ತ ಕೂತ ಬೆಕ್ಕು ಕೆಳಗೆ ಬೀಳತೊಡಗಿತು. 1976ರಲ್ಲಿ ಗಾರ್ಡನ್ ರಾಬಿನ್‌ಸನ್ ಈ ಗಾಯಗಳ ಗುಂಪಿಗೆ ಬಹುಮಹಡಿ ಕಟ್ಟಡದ ಹೆಸರನ್ನೇ ಇಟ್ಟ.

1984ರಲ್ಲಿ ಐದು ತಿಂಗಳ ಅವಧಿಯಲ್ಲಿ ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರಿಗೆ ಹೀಗೆ ಬಿದ್ದ 132 ಬೆಕ್ಕುಗಳು ಬಂದವು. ಎರಡನೆಯ ಮಹಡಿಯಿಂದ 32ನೆಯ ಮಹಡಿಯವರೆಗಿನ ಬೀಳುಗಳು. ವಿಟ್ನಿ ಮತ್ತು ಮೆಲ್‌ಹ್ಯಾಫ್ 1987ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಬದುಕಿದವು. ಏಳನೆಯ ಮಹಡಿಗಿಂತ ಮೇಲಿನಿಂದ ಬಿದ್ದವುಗಳಿಗೆ ಗಾಯ ಕಡಿಮೆ ಎಂಬ ಅವರ ಮಾತು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ವೇಗ ಒಂದು ಮಿತಿ ಮುಟ್ಟಿದ ಮೇಲೆ ಬೆಕ್ಕು ಮೈ ಸಡಿಲಿಸಿ ಕಾಲು ಹರಡುತ್ತದೆ ಎಂಬ ವಿವರಣೆ ಹುಟ್ಟಿತು. ಬಿದ್ದ ಕೂಡಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ತರುವುದಿಲ್ಲವಲ್ಲ, ಆ ಲೆಕ್ಕ ಎಲ್ಲಿ ಎಂದು ಕೇಳಿದವರೂ ಇದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಅದೇ ವರದಿಯಲ್ಲಿ ಕಡಿಮೆ ಜನ ಗಮನಿಸಿದ ಇನ್ನೊಂದು ಸಂಖ್ಯೆಯಿದೆ. 132ರಲ್ಲಿ 17 ಬೆಕ್ಕುಗಳಿಗೆ ದಯಾಮರಣದ ಚುಚ್ಚುಮದ್ದು ಕೊಡಲಾಯಿತು. ಅವುಗಳಲ್ಲಿ ಹೆಚ್ಚಿನವು ಉಳಿಯಲಾರದ ಗಾಯದಿಂದ ಸತ್ತದ್ದಲ್ಲ. ಚಿಕಿತ್ಸೆಯ ಖರ್ಚು ಭರಿಸಲಾರೆವು ಎಂದು ಒಡೆಯರು ಹೇಳಿದ್ದರಿಂದ ಸತ್ತವು. ವಿದ್ಯೆ ಇತ್ತು, ವೈದ್ಯರಿದ್ದರು, ಹಣವಿರಲಿಲ್ಲ.

ಬೆಲೆ ಕಟ್ಟುವವರು ಯಾರು?

ಇಂದು ಬೆಕ್ಕಿನ ಕೀಲಿನ ಶಸ್ತ್ರಚಿಕಿತ್ಸೆ ಬಹುದೂರ ಸಾಗಿದೆ. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1960ರ ದಶಕದಲ್ಲಿ ಮನುಷ್ಯನಿಗೆ ರೂಪಿಸಿದ ಕೃತಕ ಸೊಂಟದ ಕೀಲು 1970ರ ದಶಕದಲ್ಲಿ ನಾಯಿಗೆ ಬಂತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಬೆಕ್ಕಿಗೆ ಹೊಂದುವ ಪುಟ್ಟ ಅಳತೆಯಲ್ಲೂ ತಯಾರಾಯಿತು. ಮೊಣಕಾಲಿನ ಕಟ್ಟುನಾರುಗಳೆಲ್ಲ ಹರಿದಾಗ ಅವನ್ನು ಕೃತಕ ದಾರದಿಂದ ಮತ್ತೆ ಕಟ್ಟುತ್ತಾರೆ. ಬೆನ್ನೆಲುಬಿನ ಬುಡದಿಂದ ಚಪ್ಪೆಮೂಳೆ ಕಳಚಿದರೆ ತಿರುಪುಮೊಳೆಯಿಂದ ಬಿಗಿಯುತ್ತಾರೆ. ಮೇಹ್ಯೂನನ್ನು ಕಾಡಿದ ಪ್ರಶ್ನೆಗೂ ಒಂದು ಉತ್ತರ ಸಿಕ್ಕಿದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಬೆಕ್ಕಿನ ಮುಖಭಾವದಿಂದ ನೋವು ಅಳೆಯುವ ಮಾಪಕವೊಂದನ್ನು ಪ್ರಕಟಿಸಿತು. ಕಿವಿ ಎತ್ತ ತಿರುಗಿದೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯೆ, ಮೀಸೆ ಹೇಗಿದೆ, ತಲೆ ತಗ್ಗಿದೆಯೆ ಎಂಬ ಐದು ಲಕ್ಷಣಗಳನ್ನು ನೋಡಿ ಅಂಕ ಕೊಡುವ ಕ್ರಮವಿದು. ಕೂಗದೆ ಮುದುಡಿ ಕೂತ ಬೆಕ್ಕು ನೋವಿಲ್ಲದ ಬೆಕ್ಕಲ್ಲ ಎಂಬುದು ಈಗ ಬರೀ ಕನಿಕರದ ಮಾತಲ್ಲ, ಅಳತೆಯ ಮಾತು.

ಆದರೂ ಈ ಇಡೀ ಇತಿಹಾಸದಲ್ಲಿ ಹೆಚ್ಚು ಬೆಕ್ಕುಗಳನ್ನು ಕಾಪಾಡಿದ ಶ್ರೇಯ ದುಬಾರಿ ಕೃತಕ ಕೀಲಿಗಿಂತ ಗುಂಡನ್ನು ಕತ್ತರಿಸಿ ತೆಗೆಯುವ ಆ ಸರಳ ಉಪಾಯಕ್ಕೇ ಸಲ್ಲಬೇಕು. ಅದಕ್ಕೆ ಪರದೇಶದಿಂದ ತರಿಸುವ ಲೋಹದ ಬಿಡಿಭಾಗ ಬೇಡ. ಅರಿವಳಿಕೆ, ಎಕ್ಸ್‌ರೇ, ಸ್ವಚ್ಛವಾದ ಮೇಜು, ಪಳಗಿದ ಕೈ ಇದ್ದರೆ ಸಾಕು. ಬಡವನ ಬೆಕ್ಕಿಗೂ ಎಟಕುವ ವಿದ್ಯೆ ಅದು.

ಕರ್ನಾಟಕದಲ್ಲಿ ಪಶುವೈದ್ಯ ಶಿಕ್ಷಣದ ಹಿರಿಯ ಸಂಸ್ಥೆಯಾದ ಹೆಬ್ಬಾಳದ ಕಾಲೇಜು ಶುರುವಾದದ್ದು 1958ರಲ್ಲಿ. ಬ್ರಿಟನ್ನಿನಲ್ಲಿ ಬೆಕ್ಕಿನ ಸಂಸ್ಥೆ ಹುಟ್ಟಿದ ವರ್ಷವೇ ಅದು ಎಂಬುದು ಆಕಸ್ಮಿಕ. ಅಂದಿನ ನಮ್ಮ ಅಗತ್ಯ ರೈತನ ದನವಾಗಿತ್ತು. ಅದು ತಪ್ಪೇನಲ್ಲ. ಆದರೆ ಬೆಂಗಳೂರಿನಂಥ ಊರುಗಳಲ್ಲಿ ಈಗ ಹತ್ತು ಹದಿನೈದು ಮಹಡಿಯ ಮನೆಗಳಲ್ಲೂ ಬೆಕ್ಕುಗಳಿವೆ. ಅವುಗಳ ಬಾಲ್ಕನಿಗೆ ಒಂದು ಬಲೆ ಬಿಗಿದರೆ ಆಗುವ ಉಪಕಾರ ಯಾವ ಶಸ್ತ್ರಚಿಕಿತ್ಸೆಗೂ ಕಡಿಮೆಯಲ್ಲ.

ಬೆಕ್ಕು ಕಾಲೂರದಿದ್ದರೆ ಮನೆಯಲ್ಲಿ ಎಳೆದು ಸರಿಮಾಡಲು ಹೋಗಬಾರದು ಎಂಬುದು ತಜ್ಞರ ಮೊದಲ ಮಾತು. ಮನುಷ್ಯರ ನೋವಿನ ಮಾತ್ರೆಯನ್ನಂತೂ ಕೊಡಲೇಬಾರದು. ಜ್ವರಕ್ಕೆಂದು ಮನೆಮನೆಯಲ್ಲಿರುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದರ ಪಿತ್ತಜನಕಾಂಗಕ್ಕೆ ಆ ಔಷಧಿಯನ್ನು ಕರಗಿಸುವ ಶಕ್ತಿಯಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಅಲುಗದಂತೆ ಮಲಗಿಸಿ ಎರಡು ಮೂರು ದಿನದೊಳಗೆ ವೈದ್ಯರಲ್ಲಿಗೆ ಒಯ್ದರೆ ಕೊಯ್ಯದೆಯೇ ಕೀಲು ಕೂರುವ ಸಾಧ್ಯತೆ ಇರುತ್ತದೆ. ಆಗಲೂ ವೈದ್ಯರು ಮೊದಲು ನೋಡುವುದು ಕಾಲನ್ನಲ್ಲ, ಉಸಿರನ್ನು. ಸೊಂಟ ಕಳಚುವಷ್ಟು ಪೆಟ್ಟು ಬಿದ್ದಲ್ಲಿ ಎದೆಗೂ ಹೊಟ್ಟೆಗೂ ಪೆಟ್ಟಾಗಿರಬಹುದು.

ಆನೆಗೆ, ಕುದುರೆಗೆ, ಹಸುವಿಗೆ ಶಾಸ್ತ್ರ ಬರೆದವರು ಅವುಗಳಿಂದ ತಮಗೆ ಆಗಬೇಕಾದ ಕೆಲಸವನ್ನು ನೆನೆದು ಬರೆದರು. ಬೆಕ್ಕಿನಿಂದ ಅಂಥ ಕೆಲಸವೇನೂ ಇರಲಿಲ್ಲ. ಇಲಿ ಹಿಡಿಯಲು ಇನ್ನೊಂದು ಬೆಕ್ಕು ಯಾವಾಗಲೂ ಸಿಗುತ್ತಿತ್ತು. ಆದ್ದರಿಂದಲೇ ಅದರ ಸರದಿ ಎಲ್ಲಕ್ಕಿಂತ ಕೊನೆಗೆ ಬಂತು. ಇನ್ನೊಂದು ಸಿಗುತ್ತದೆ ಎಂದು ಬಿಡದೆ, ಈ ಬೆಕ್ಕೇ ಬೇಕು ಎಂದು ಯಾರೋ ಒಬ್ಬರು ಪಟ್ಟುಹಿಡಿದ ದಿನ ಅದಕ್ಕೂ ಶಸ್ತ್ರಚಿಕಿತ್ಸೆಯ ಮೇಜು ಸಿಕ್ಕಿತು.